ಸೇವೆಗೆ ವಿದ್ಯೆಯ ಬಲವಿತ್ತ ಧರ್ಮಭಗಿನಿ: ಡಾಕ್ಟರ್ ಮೇರಿ ಗ್ಲೌರಿ

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅದರ ಗೋಡೆಯನ್ನು ಎಬ್ಬಿಸಿದವರನ್ನೂ ಗಂಟೆಯನ್ನು ತೂಗಿಸಿದವರನ್ನೂ ಬಲಿಪೀಠವನ್ನು ಅಣಿಗೊಳಿಸಿದವರನ್ನೂ ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಅದು ಯುಕ್ತವೇ ಸರಿ. ಆದರೆ ಧರ್ಮಸಭೆಯೆಂಬ ಮಂದಿರ ಕಲ್ಲುಗಾರೆಗಳಿಂದಷ್ಟೇ ಎದ್ದುದಲ್ಲ. ದೇವಾಲಯದ ಮಗ್ಗುಲಲ್ಲಿ ಒಂದು ಶಾಲೆ, ಅದರಾಚೆ ಒಂದು ಔಷಧಾಲಯ, ಅಲ್ಲೊಬ್ಬ ಬಿಳಿಯುಡುಪಿನ ಧರ್ಮಭಗಿನಿ. ಇದು ನಮ್ಮ ನಾಡಿನ ಕ್ರೈಸ್ತ ಕುಟುಂಬಗಳಿಗೆಲ್ಲ ಪರಿಚಿತವಾದ ನೋಟ. ನಮ್ಮಲ್ಲಿ ಎಷ್ಟೋ ಮಂದಿ ಈ ಲೋಕದ ಬೆಳಕನ್ನು ಮೊದಲು ಕಂಡದ್ದೇ ಇಂತಹ ಭಗಿನಿಯರ ಕೈಗಳಲ್ಲಿ.

ಇದೆಲ್ಲ ಎಂದಿನಿಂದಲೂ ಹೀಗೆಯೇ ಇದ್ದಿತೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಹಾಗಲ್ಲ. ಒಂದು ಶತಮಾನದ ಹಿಂದೆ ವ್ರತಧಾರಿಣಿಯಾದ ಸ್ತ್ರೀಯೊಬ್ಬಳು ವೈದ್ಯಳಾಗಿ ರೋಗಿಗಳನ್ನು ಪರೀಕ್ಷಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು, ಹೆರಿಗೆ ಮಾಡಿಸುವುದು ಧರ್ಮಸಭೆಯ ವಾಡಿಕೆಗೂ ನಿಯಮಕ್ಕೂ ಹೊರತಾದ ಸಂಗತಿಯಾಗಿತ್ತು. ಮುಚ್ಚಿದ್ದ ಆ ಬಾಗಿಲನ್ನು ತೆರೆದವರಲ್ಲಿ ಅಗ್ರಗಣ್ಯಳಾದವಳು ಆಸ್ಟ್ರೇಲಿಯದಲ್ಲಿ ಹುಟ್ಟಿ, ಆಂಧ್ರದೇಶದ ಗುಂಟೂರಿನಲ್ಲಿ ದುಡಿದು, ನಮ್ಮ ಬೆಂಗಳೂರಿನಲ್ಲಿ ಕೊನೆಯುಸಿರೆಳೆದ ಡಾಕ್ಟರ್ ಮೇರಿ ಗ್ಲೌರಿ. ಆಕೆಯ ಜೀವನವನ್ನು ಈ ಸಂಚಿಕೆಯ ವಾಚಕರ ಮುಂದಿಡಲು ನಾವು ಅಪೇಕ್ಷಿಸುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೇರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಬಿರ್ರೆಗರ್ರಾ ಎಂಬ ಸಣ್ಣ ಊರಿನಲ್ಲಿ. ತಂದೆ ಎಡ್ವರ್ಡ್ ಗ್ಲೌರಿ, ತಾಯಿ ಮಾರ್ಗರೆಟ್. ಒಂಬತ್ತು ಮಕ್ಕಳಲ್ಲಿ ಆಕೆ ಮೂರನೆಯವಳು. ಕುಟುಂಬವು ಮುಂದೆ ಅದೇ ಪ್ರಾಂತದ ಒಳನಾಡಾದ ಮ್ಯಾಲಿ ಸೀಮೆಯ ವಾಚೆಮ್ ಎಂಬ ಊರಿನಲ್ಲಿ ನೆಲೆಸಿತು. ಅದು ಮಳೆ ಕಡಿಮೆಯಾದ, ಬಿರುಬಿಸಿಲಿನ ಗೋಧಿಸೀಮೆ. ಸಂಜೆಯಾಯಿತೆಂದರೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರವನ್ನು ಪ್ರಾರ್ಥಿಸುವುದು ಆ ಮನೆಯ ನೇಮ. ಜಪಸರ ಮುಗಿದ ಮೇಲೆ ಒಳ್ಳೆಯ ಗುರುಗಳಿಗಾಗಿಯೂ ಒಳ್ಳೆಯ ವೈದ್ಯರಿಗಾಗಿಯೂ ತಾಯಿ ಇನ್ನೊಂದು ಪ್ರಾರ್ಥನೆಯನ್ನು ಸೇರಿಸುತ್ತಿದ್ದಳು. ವೈದ್ಯನು ದೂರದಲ್ಲಿರುವ ಊರಿನ ತಾಯಿಗೆ ಇದು ಸಹಜವಾದ ಬೇಡಿಕೆ. ಆ ಪ್ರಾರ್ಥನೆಯ ಉತ್ತರವು ತನ್ನ ಮಗ್ಗುಲಲ್ಲೇ ಮೊಣಕಾಲೂರಿದೆಯೆಂದು ಆಕೆಗೆ ಆಗ ಹೇಗೆ ತಿಳಿದೀತು?

ಓದಿನಲ್ಲಿ ಚುರುಕಾಗಿದ್ದ ಮೇರಿ ವಿದ್ಯಾರ್ಥಿವೇತನವನ್ನು ಗಳಿಸಿ ಬಾಲ್ಯದಲ್ಲೇ ಮನೆಯನ್ನು ಬಿಟ್ಟು ಮೆಲ್ಬರ್ನ್ ನಗರದ ಶಾಲೆಯನ್ನು ಸೇರಿದಳು. 1905ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ಕಲಾವಿಭಾಗದ ವ್ಯಾಸಂಗವನ್ನು ಆರಂಭಿಸಿದಳು. ಆದರೆ ಮಗಳು ವೈದ್ಯಶಾಸ್ತ್ರವನ್ನು ಓದಬೇಕೆಂಬುದು ತಂದೆಯ ಒತ್ತಾಸೆಯಾಗಿತ್ತು. ಹೀಗಾಗಿ ಆಕೆ ವೈದ್ಯವಿಭಾಗಕ್ಕೆ ಬದಲಾದಳು. ಆ ವಿಶ್ವವಿದ್ಯಾನಿಲಯದ ವೈದ್ಯಶಾಲೆ ಸ್ತ್ರೀಯರಿಗೆ ಮೊತ್ತಮೊದಲು ಪ್ರವೇಶ ನೀಡಿದ್ದು 1887ರಲ್ಲಿ, ಅಂದರೆ ಮೇರಿ ಹುಟ್ಟಿದ ವರ್ಷದಲ್ಲೇ. ಸ್ತ್ರೀಯೊಬ್ಬಳು ವೈದ್ಯಳಾಗುವುದು ಆ ನಾಡಿನಲ್ಲಿಯೂ ಇನ್ನೂ ಹೊಸತಾಗಿದ್ದ ಕಾಲವದು. 1910ರಲ್ಲಿ ಮೇರಿ ವೈದ್ಯ ಪದವೀಧರೆಯಾದಳು.

ಪದವಿಯ ಬಳಿಕ ಆಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯಳಾಗಿ ದುಡಿದಳು. ಮೆಲ್ಬರ್ನಿಗೆ ಮರಳಿದ ಮೇಲೆ ಕಣ್ಣು ಮತ್ತು ಕಿವಿಯ ಆಸ್ಪತ್ರೆಯಲ್ಲಿಯೂ, ಧರ್ಮಭಗಿನಿಯರು ನಡೆಸುತ್ತಿದ್ದ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸಿದಳು. ನಗರದ ಹೆಸರಾಂತ ವೈದ್ಯರ ಬೀದಿಯಾದ ಕಾಲಿನ್ಸ್ ಸ್ಟ್ರೀಟಿನಲ್ಲಿ ಆಕೆಯ ಸ್ವಂತ ಚಿಕಿತ್ಸಾಲಯವೂ ಇತ್ತು. ಮೂವತ್ತು ವರ್ಷ ತುಂಬುವ ಮೊದಲೇ ಕೀರ್ತಿ, ಸಂಪಾದನೆ, ಸಮಾಜದ ಗೌರವ ಎಲ್ಲವೂ ಆಕೆಯ ಕೈಗೆ ಬಂದಿದ್ದವು. ಲೋಕದ ದೃಷ್ಟಿಯಲ್ಲಿ ಇನ್ನು ಬೇಕಾದುದಾದರೂ ಏನು?

ಒಂದು ಕಿರುಹೊತ್ತಗೆಯ ಕರೆ

1915ರ ಅಕ್ಟೋಬರ್ 24, ಭಾನುವಾರ. ದಿವ್ಯ ಬಲಿಪೂಜೆಯಲ್ಲಿ ಭಾಗವಹಿಸಿದ ಬಳಿಕ ಮೇರಿ ಒಂದು ಕಿರುಹೊತ್ತಗೆಯನ್ನು ಓದಿದಳು. ಅದು ಡಾಕ್ಟರ್ ಆಗ್ನೆಸ್ ಮೆಕ್‌ಲಾರೆನ್ ಎಂಬ ಸ್ಕಾಟ್‌ಲೆಂಡಿನ ವೈದ್ಯೆಯ ವೃತ್ತಾಂತ. 1837ರಲ್ಲಿ ಹುಟ್ಟಿದ ಆಗ್ನೆಸ್ ಫ್ರಾನ್ಸಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, ಅರುವತ್ತು ದಾಟಿದ ಮೇಲೆ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದಳು. ಎಪ್ಪತ್ತೆರಡರ ಇಳಿವಯಸ್ಸಿನಲ್ಲಿ, ಆಗ ಭಾರತಕ್ಕೆ ಸೇರಿದ್ದ ರಾವಲ್ಪಿಂಡಿಗೆ ಬಂದು ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯೊಂದು ನೆಲೆಗೊಳ್ಳಲು ಶ್ರಮಿಸಿದಳು. ಪರಪುರುಷನಾದ ವೈದ್ಯನು ತನ್ನನ್ನು ಮುಟ್ಟಲು ಒಪ್ಪದೆ, ಸ್ತ್ರೀವೈದ್ಯೆಯೂ ದೊರೆಯದೆ, ಚಿಕಿತ್ಸೆಯಿಲ್ಲದೆಯೇ ಸಾಯುವ ಭಾರತದ ತಾಯಂದಿರ ಗೋಳು ಆ ಹೊತ್ತಗೆಯಲ್ಲಿತ್ತು. ಹುಟ್ಟಿದ ವರ್ಷದೊಳಗೇ ಮಣ್ಣುಪಾಲಾಗುವ ಹಸುಳೆಗಳ ಕಥೆಯೂ ಇತ್ತು.

ಓದಿ ಮುಗಿಸಿದ ಮೇರಿ ಅಲ್ಲಿಯೇ ಮೊಣಕಾಲೂರಿದಳು. ತನ್ನ ಜೀವನದ ಕರೆ ಯಾವುದೆಂಬುದು ಆ ಕ್ಷಣದಲ್ಲಿ ಆಕೆಗೆ ನಿಚ್ಚಳವಾಯಿತು. ಭಾರತದ ರೋಗಿಗಳಿಗಾಗಿ ವೈದ್ಯಳಾಗಿಯೇ ತನ್ನನ್ನು ಸಮರ್ಪಿಸಿಕೊಳ್ಳಬೇಕೆಂದು ಆಕೆ ನಿರ್ಧರಿಸಿದಳು.

ನಿರ್ಧಾರ ಕ್ಷಣದ್ದಾದರೂ ಸಿದ್ಧತೆ ನಾಲ್ಕು ವರ್ಷಗಳದ್ದು. ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಹೊರಡಲಾಗದ ಆ ವರ್ಷಗಳನ್ನು ಆಕೆ ಕೊರಗಿನಲ್ಲಿ ಕಳೆಯಲಿಲ್ಲ. 1916ರಲ್ಲಿ ಮೆಲ್ಬರ್ನಿನ ಕಥೋಲಿಕ ಸ್ತ್ರೀಯರು ತಮ್ಮದೊಂದು ಸಮಾಜಸೇವಾ ಸಂಘವನ್ನು ಕಟ್ಟಿದಾಗ ಮೇರಿ ಅದರ ಪ್ರಥಮ ಅಧ್ಯಕ್ಷೆಯಾದಳು. ಚದುರಿದ ಸದ್ಭಾವನೆಯು ಒಂದು ಸಂಘಟನೆಯಾದಾಗ ಎಂತಹ ಶಕ್ತಿಯಾಗುವುದೆಂಬ ಪಾಠವನ್ನು ಆಕೆ ಕಲಿತದ್ದು ಅಲ್ಲಿ. ಮತ್ತೊಂದು ಕಡೆ, ದುಡಿಮೆಯ ನಡುವೆಯೇ ಉನ್ನತ ವ್ಯಾಸಂಗವನ್ನು ಕೈಗೊಂಡು ಪ್ರಸೂತಿಶಾಸ್ತ್ರ, ಸ್ತ್ರೀರೋಗಶಾಸ್ತ್ರ ಮತ್ತು ನೇತ್ರಶಾಸ್ತ್ರಗಳಲ್ಲಿ 1919ರಲ್ಲಿ ಎಂ.ಡಿ. ಪದವಿಯನ್ನು ಪಡೆದಳು.

ಈ ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಅಪೇಕ್ಷೆ. ಬಡವರ ಸೇವೆಗೆ ಹೊರಟವಳಿಗೆ ಇಷ್ಟು ಓದು ಏಕೆ, ಇದ್ದ ಪದವಿಯೇ ಸಾಲದೇ ಎಂದು ಯಾರಾದರೂ ಕೇಳಬಹುದಾಗಿತ್ತು. ಮೇರಿಯ ಬಗೆ ಬೇರೆ. ಬಡವನಿಗೆ ಕೊಡುವುದೆಂದರೆ ಮಿಕ್ಕಿದ್ದನ್ನು ಕೊಡುವುದಲ್ಲ, ಇದ್ದುದರಲ್ಲಿ ಉತ್ತಮವಾದುದನ್ನು ಕೊಡುವುದು. ಕಾಲಿನ್ಸ್ ಸ್ಟ್ರೀಟಿನ ಸಿರಿವಂತ ರೋಗಿಗೆ ಎಂತಹ ವಿದ್ಯೆಯು ಸಲ್ಲುತ್ತದೋ ಅದಕ್ಕಿಂತ ಕಡಿಮೆಯಾದುದು ಭಾರತದ ಹಳ್ಳಿಯ ಬಸುರಿಗೂ ಸಲ್ಲಬಾರದು. ಇದು ಆಕೆಯ ಇಡೀ ಜೀವನದ ತಿರುಳು. ಮುಂದೆ ಆಕೆ ಕೈಗೊಂಡ ಕಾರ್ಯಗಳೆಲ್ಲ ಇದೇ ನಂಬಿಕೆಯಿಂದ ಮೊಳೆತುವು.

ಧರ್ಮಸಭೆಯ ಅಪ್ಪಣೆ

ಭಾರತದ ಸೇವೆಗೆ ಆಕೆ ಆರಿಸಿಕೊಂಡ ಸಭೆ ಯೇಸು ಮರಿಯ ಜೋಸೆಫರ ಭಗಿನಿಯರ ಸಂಘ. ನೆದರ್ಲೆಂಡ್ಸ್ ದೇಶದಲ್ಲಿ 1822ರಲ್ಲಿ ಸ್ಥಾಪಿತವಾದ ಈ ಸಂಘದ ಭಗಿನಿಯರು 1904ರಲ್ಲಿ ಗುಂಟೂರಿಗೆ ಬಂದು ನೆಲೆಸಿದ್ದರು. ಅವರಿಗೆ ವೈದ್ಯರ ಅಗತ್ಯ ಬಹಳವಾಗಿತ್ತು. ಆದರೆ ವೈದ್ಯಳೂ ಧರ್ಮಭಗಿನಿಯೂ ಒಬ್ಬಳೇ ಆಗಬಹುದೇ ಎಂಬುದೇ ಪ್ರಶ್ನೆ.

ಶತಮಾನಗಳ ಹಿಂದಿನಿಂದಲೂ ಗುರುಗಳೂ ವ್ರತಧಾರಿಗಳೂ ವೈದ್ಯವೃತ್ತಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ಕೈಗೊಳ್ಳಬಾರದೆಂಬ ನಿರ್ಬಂಧ ಧರ್ಮಸಭೆಯಲ್ಲಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆಯೂ ವಿಶೇಷ ಅಪ್ಪಣೆಯಿಲ್ಲದೆ ಅದಕ್ಕೆ ಎಡೆಗೊಡಲಿಲ್ಲ. ಕನ್ಯಾವ್ರತವನ್ನು ತೊಟ್ಟವರು ಹೆರಿಗೆಯ ಕೆಲಸಕ್ಕೆ ಕೈಹಾಕುವುದಂತೂ ಅನುಚಿತವೆಂದೇ ಪರಿಗಣಿತವಾಗಿತ್ತು. ಭಗಿನಿಯರು ರೋಗಿಯ ಮಗ್ಗುಲಲ್ಲಿ ಕುಳಿತು ಶುಶ್ರೂಷೆ ಮಾಡಬಹುದು, ಸಾಂತ್ವನ ಹೇಳಬಹುದು. ಆದರೆ ಪ್ರಸವವೇದನೆಯಲ್ಲಿ ಪ್ರಾಣಾಪಾಯಕ್ಕೆ ಸಿಕ್ಕಿದ ತಾಯಿಯನ್ನು ಉಳಿಸುವ ವಿದ್ಯೆ ಅವರ ಕೈಯಲ್ಲಿರಲಿಲ್ಲ. ಆ ನಿಯಮಗಳು ಒಂದು ಕಾಲದ ಅಗತ್ಯದಿಂದ ಹುಟ್ಟಿದವು, ನಿಜ. ಆದರೆ ಮಿಶನ್ ನಾಡುಗಳಲ್ಲಿ ಅವುಗಳ ಬೆಲೆಯನ್ನು ತೆತ್ತವರು ತಾಯಂದಿರು ಮತ್ತು ಹಸುಳೆಗಳು.

ಮೇರಿಯ ವಿಷಯದಲ್ಲಿ ಜಗದ್ಗುರು 15ನೆಯ ಬೆನೆಡಿಕ್ಟರು ವಿಶೇಷ ಅಪ್ಪಣೆಯನ್ನು ದಯಪಾಲಿಸಿದರು. ಹೀಗೆ ಪೂರ್ಣ ಅರ್ಹತೆಯುಳ್ಳ ವೈದ್ಯಳಾಗಿ ರೋಗಿಗಳಿಗೆ ಚಿಕಿತ್ಸೆ ನೀಡಿದ ಪ್ರಥಮ ಧರ್ಮಭಗಿನಿ ಎಂದು ಆಕೆಯನ್ನು ಇಂದು ಗುರುತಿಸಲಾಗುತ್ತದೆ. ಆಗ್ನೆಸ್ ಮೆಕ್‌ಲಾರೆನಳಿಂದಲೇ ಪ್ರೇರಿತಳಾದ ಇನ್ನೊಬ್ಬ ವೈದ್ಯೆ ಅನ್ನ ಡೆಂಗೆಲ್ 1925ರಲ್ಲಿ ವೈದ್ಯಕೀಯ ಮಿಶನ್ ಭಗಿನಿಯರ ಸಂಘವನ್ನು ಸ್ಥಾಪಿಸಿದಳು. ಕಡೆಗೆ 1936ರ ಫೆಬ್ರವರಿಯಲ್ಲಿ ರೋಮ್ ನಗರದಿಂದ ಹೊರಟ ಆದೇಶವೊಂದು ಮಿಶನ್ ನಾಡುಗಳ ಭಗಿನಿಯರು ವೈದ್ಯರೂ ಸೂಲಗಿತ್ತಿಯರೂ ಆಗುವುದಕ್ಕೆ ಅನುಮತಿ ನೀಡಿದ್ದಲ್ಲದೆ ಅದನ್ನು ಪ್ರೋತ್ಸಾಹಿಸಿತು. ಆ ಹೊತ್ತಿಗೆ ಮೇರಿ ಗುಂಟೂರಿನಲ್ಲಿ ಹದಿನಾರು ವರ್ಷಗಳನ್ನು ಕಳೆದಿದ್ದಳು. ನಿಯಮ ಬದಲಾಗುವ ಮೊದಲೇ, ಧರ್ಮಸಭೆಯ ವಿಧೇಯ ಪುತ್ರಿಯಾಗಿಯೇ, ಅದು ಬದಲಾಗಬೇಕೆಂಬುದಕ್ಕೆ ಆಕೆ ಜೀವಂತ ಸಾಕ್ಷಿಯಾಗಿದ್ದಳು.

ಗುಂಟೂರಿನಲ್ಲಿ

1920ರ ಜನವರಿಯಲ್ಲಿ ಮೇರಿ ಮೆಲ್ಬರ್ನಿನಿಂದ ಹಡಗು ಹತ್ತಿದಳು. ಫೆಬ್ರವರಿಯಲ್ಲಿ ಗುಂಟೂರನ್ನು ತಲಪಿದಳು. ಮತ್ತೆಂದೂ ಆಕೆ ತಾಯ್ನಾಡಿಗೆ ಮರಳಲಿಲ್ಲ. ತಂದೆತಾಯಿಯರನ್ನೂ ಒಡಹುಟ್ಟಿದವರನ್ನೂ ಅಂದು ಕಂಡದ್ದೇ ಕೊನೆ. ಧಾರ್ಮಿಕ ಜೀವನದಲ್ಲಿ ಆಕೆಗೆ ದೊರೆತ ಹೆಸರು ಪವಿತ್ರ ಹೃದಯದ ಸಿಸ್ಟರ್ ಮೇರಿ.

ಗುಂಟೂರು ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ತೆಲುಗು ನಾಡಿನ ಪಟ್ಟಣ. ಆಕೆಗೆ ಭಾಷೆ ಹೊಸದು, ಜನರ ಆಚಾರವ್ಯವಹಾರಗಳು ಹೊಸವು. ಭಗಿನಿಯರ ಸಣ್ಣ ಔಷಧಾಲಯವೊಂದು ಆಕೆಯ ಕಾರ್ಯಕ್ಷೇತ್ರವಾಯಿತು. ಮೆಲ್ಬರ್ನಿನ ಸುಸಜ್ಜಿತ ಆಸ್ಪತ್ರೆಗಳಲ್ಲಿ ದುಡಿದವಳಿಗೆ ಇಲ್ಲಿನ ಕೊರತೆಗಳು ಎಷ್ಟೆಂದು ಹೇಳಬೇಕಾದುದಿಲ್ಲ. ಅಂದಿನ ವೈದ್ಯನ ಚೀಲದಲ್ಲಿ ಇಂದಿನ ಔಷಧಗಳು ಇರಲಿಲ್ಲವೆಂಬುದನ್ನೂ ನಾವು ನೆನಪಿಡಬೇಕು. ಬಾಣಂತಿಜ್ವರಕ್ಕೆ ಮದ್ದಾದ ಸಲ್ಫಾ ಗುಳಿಗೆಗಳು ಬಂದದ್ದು 1930ರ ದಶಕದ ನಡುವಿನಲ್ಲಿ. ಪೆನಿಸಿಲಿನ್ ಜನಸಾಮಾನ್ಯರಿಗೆ ದೊರೆತದ್ದು ಎರಡನೆಯ ಮಹಾಯುದ್ಧದ ನಂತರ. ಅದಕ್ಕೆ ಮೊದಲು ತಾಯಿಯನ್ನು ಉಳಿಸುತ್ತಿದ್ದುದು ವೈದ್ಯಳ ಶುಚಿಯಾದ ಕೈ, ಕುದಿಸಿದ ಉಪಕರಣ, ತಕ್ಕ ಹೊತ್ತಿನಲ್ಲಿ ತಕ್ಕ ನಿರ್ಧಾರ ಇಷ್ಟೇ. ಹೊಕ್ಕುಳ ಬಳ್ಳಿಯನ್ನು ಕೊಳೆಯಾದ ಕುಡುಗೋಲಿನಿಂದ ಕೊಯ್ದಲ್ಲಿ ಶಿಶುವಿಗೆ ಧನುರ್ವಾಯು ತಗಲುತ್ತಿತ್ತು. ಅದನ್ನು ತಡೆಯಲು ಬೇಕಾದುದು ದುಬಾರಿ ಔಷಧವಲ್ಲ, ತಿಳುವಳಿಕೆ.

ಆಕೆಯ ನೇತ್ರಶಾಸ್ತ್ರದ ವ್ಯಾಸಂಗವೂ ವ್ಯರ್ಥವಾಗಲಿಲ್ಲ. ಕಣ್ಣಿನ ಪೊರೆ, ರೆಪ್ಪೆಗಳನ್ನು ಹಾಳುಗೆಡಹುವ ಟ್ರಕೋಮ, ಸತ್ವಹೀನ ಆಹಾರದಿಂದ ಮಕ್ಕಳಲ್ಲಿ ಉಂಟಾಗುವ ಕುರುಡು, ಇವು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಅಂದು ಸರ್ವೇಸಾಮಾನ್ಯವಾಗಿದ್ದವು. ಹಳ್ಳಿಗಾಡಿನ ಸಂಚಾರ, ಹೊರರೋಗಿಗಳ ಸಾಲು, ಹೆರಿಗೆಯ ಕೋಣೆ, ಶಸ್ತ್ರಚಿಕಿತ್ಸೆ, ಇವುಗಳ ನಡುವೆ ಪ್ರಾರ್ಥನೆಯ ಗಂಟೆ. ಹೀಗೆ ದಿನಗಳು ವರ್ಷಗಳಾದುವು. ಬಹುಕಾಲ ಅಲ್ಲಿ ಇದ್ದ ವೈದ್ಯೆ ಆಕೆಯೊಬ್ಬಳೇ. ಔಷಧಾಲಯವು ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು. ಆಕೆಯ ಆರೈಕೆಯನ್ನು ಕಂಡ ರೋಗಿಗಳ ಸಂಖ್ಯೆ ಲಕ್ಷಗಳನ್ನು ಮುಟ್ಟಿತು.

ಪಾಶ್ಚಾತ್ಯ ವಿದ್ಯೆಯಲ್ಲಿ ಪಾರಂಗತಳಾದ ಈಕೆ ನಮ್ಮ ನಾಡಿನ ಮೂಲಿಕೆಗಳನ್ನು ಕಡೆಗಣಿಸಲಿಲ್ಲವೆಂಬುದು ಗಮನಾರ್ಹ. ಔಷಧಗುಣವುಳ್ಳ ಸ್ಥಳೀಯ ಸಸ್ಯಗಳನ್ನು ಆಕೆ ಅಭ್ಯಸಿಸಿ ಚಿಕಿತ್ಸೆಯಲ್ಲಿ ಬಳಸಿಕೊಂಡಳು. ಹಡಗಿನಲ್ಲಿ ಬರಬೇಕಾದ ಔಷಧದ ದಾರಿಯನ್ನೇ ಕಾಯುತ್ತ ರೋಗಿಯನ್ನು ಸಾಯಗೊಡಬಾರದಷ್ಟೆ. ವಿಜ್ಞಾನವೆಂದರೆ ಪರದೇಶದಿಂದ ಬಂದ ಸೀಸೆ ಮಾತ್ರವಲ್ಲ, ಕಣ್ಣಮುಂದಿನದನ್ನು ಪರೀಕ್ಷಿಸಿ ನೋಡುವ ಬುದ್ಧಿಯೂ ವಿಜ್ಞಾನವೇ ಎಂಬುದನ್ನು ಆಕೆ ಅರಿತಿದ್ದಳು.

ಎರಡು ಕೈಗಳು ಸಾಲವು

ವೈದ್ಯಳೊಬ್ಬಳು ಎಷ್ಟೇ ದುಡಿದರೂ ಆಕೆಗಿರುವುದು ಎರಡೇ ಕೈಗಳು. ಬಾಗಿಲಲ್ಲಿ ನಿಂತ ರೋಗಿಗಳನ್ನೆಲ್ಲ ಆಕೆಯೊಬ್ಬಳೇ ಮುಟ್ಟಲಾಗದು. ಬಾಗಿಲವರೆಗೆ ಬರಲಾರದ ರೋಗಿಗಳಂತೂ ಇನ್ನೂ ಅಸಂಖ್ಯ. ಇದನ್ನು ಕಂಡು ಕೆಲವರು ನಿರಾಶರಾಗುತ್ತಾರೆ. ಇನ್ನು ಕೆಲವರು ತಮ್ಮ ಬಾಗಿಲನ್ನಷ್ಟೇ ನೋಡಿಕೊಂಡು ತೃಪ್ತರಾಗುತ್ತಾರೆ. ಸಿಸ್ಟರ್ ಮೇರಿ ಎರಡನ್ನೂ ಮಾಡಲಿಲ್ಲ. ತನ್ನ ವಿದ್ಯೆಯನ್ನು ಇತರರ ಕೈಗಳಿಗೆ ದಾಟಿಸತೊಡಗಿದಳು. ಸ್ಥಳೀಯ ಸ್ತ್ರೀಯರನ್ನು ಔಷಧ ಸಿದ್ಧಪಡಿಸುವವರಾಗಿ, ಸೂಲಗಿತ್ತಿಯರಾಗಿ, ದಾದಿಯರಾಗಿ ತರಬೇತುಗೊಳಿಸಿದಳು. ಹೊಸಿಲು ದಾಟಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳು ಬಿಳಿಯುಡುಪನ್ನು ತೊಟ್ಟು ಇನ್ನೊಂದು ಜೀವವನ್ನು ಕಾಯುವ ಹೊಣೆಯನ್ನು ಹೊತ್ತರು. ದಾದಿಯ ವೃತ್ತಿಯನ್ನು ಕೀಳಾಗಿ ಕಾಣುತ್ತಿದ್ದ ಅಂದಿನ ಸಮಾಜದಲ್ಲಿ ಇದು ಸಣ್ಣ ಸಾಧನೆಯಲ್ಲ.

ಆಕೆಯ ದೃಷ್ಟಿ ಇನ್ನೂ ದೂರ ಹರಿಯಿತು. ಭಾರತದುದ್ದಕ್ಕೂ ಕಥೋಲಿಕ ಗುರುಗಳೂ ಭಗಿನಿಯರೂ ನಡೆಸುತ್ತಿದ್ದ ಔಷಧಾಲಯಗಳೂ ಆಸ್ಪತ್ರೆಗಳೂ ಹಲವಿದ್ದವು. ನಮ್ಮ ಕನ್ನಡ ನಾಡಿನಲ್ಲೇ ಮಂಗಳೂರಿನಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಔಷಧ ಹಂಚಲು ತೊಡಗಿ, 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನು ತೆರೆದಿದ್ದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರ ಸಂತ ಮಾರ್ತಾ ಆಸ್ಪತ್ರೆ 1886ರಿಂದಲೂ ಸೇವೆ ಸಲ್ಲಿಸುತ್ತಿತ್ತು. ಆದರೆ ದೇಶದ ಈ ಸಂಸ್ಥೆಗಳೆಲ್ಲ ಸಮುದ್ರದಲ್ಲಿನ ದ್ವೀಪಗಳಂತೆ ಬೇರೆ ಬೇರೆಯಾಗಿದ್ದವು. ಒಂದರ ಅನುಭವ ಇನ್ನೊಂದಕ್ಕೆ ತಿಳಿಯದು, ಒಂದರ ಕೊರತೆಗೆ ಇನ್ನೊಂದು ಒದಗದು. ಸರಕಾರದ ಮುಂದೆ ಎಲ್ಲರ ಪರವಾಗಿ ಮಾತನಾಡುವವರೂ ಇರಲಿಲ್ಲ. ಪ್ರೇಮವಿದ್ದ ಎಡೆಯಲ್ಲೆಲ್ಲ ತಕ್ಕ ವಿದ್ಯೆ ಇರಲಿಲ್ಲವೆಂಬುದೂ ಸತ್ಯ.

1943ರ ಜುಲೈ 29ರಂದು ಸಿಸ್ಟರ್ ಮೇರಿ ಹದಿನಾರು ಮಂದಿ ಧರ್ಮಭಗಿನಿಯರೊಡಗೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದಳು. ತಾನೇ ಅದರ ಪ್ರಥಮ ಅಧ್ಯಕ್ಷೆಯಾದಳು. ಆಗ ಆಕೆಗೆ ಐವತ್ತಾರು ವರ್ಷ. ಜಗತ್ತು ಯುದ್ಧದಲ್ಲಿ ಬೇಯುತ್ತಿದ್ದ, ದೇಶದಲ್ಲಿ ಕ್ಷಾಮ ಕಾಡುತ್ತಿದ್ದ, ರೈಲು ಪ್ರಯಾಣವೇ ದುಸ್ತರವಾಗಿದ್ದ ಕಾಲವದು. ಬೆರಳೆಣಿಕೆಯ ಭಗಿನಿಯರು ಕೂಡಿ ಇಡೀ ಭಾರತದ ಆಸ್ಪತ್ರೆಗಳನ್ನು ಒಂದು ಸೂತ್ರದಲ್ಲಿ ಪೋಣಿಸಲು ಹೊರಟದ್ದನ್ನು ಕಂಡು ಅಂದಿನ ಜಾಣರು ನಕ್ಕಿದ್ದರೆ ಆಶ್ಚರ್ಯವಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತ ಸರಕಾರವು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಆರೋಗ್ಯ ಸಮಿತಿಯೊಂದನ್ನು ನೇಮಿಸಿತು. 1946ರಲ್ಲಿ ಅದು ಸಲ್ಲಿಸಿದ ವರದಿ ನಾಡಿನ ನಿಜಸ್ಥಿತಿಯನ್ನು ಅಂಕೆಗಳಲ್ಲಿ ತೆರೆದಿಟ್ಟಿತು. 1937ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಹುಟ್ಟಿದ 1,000 ಶಿಶುಗಳಲ್ಲಿ 162 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಸುಮಾರು 6,300 ಜನರಿಗೆ ಒಬ್ಬ ವೈದ್ಯ, ಸುಮಾರು 43,000 ಜನರಿಗೆ ಒಬ್ಬ ದಾದಿ. ಸರಕಾರದ ಸಮಿತಿಯು ಅಂಕೆಗಳಿಂದ ಕಂಡುಕೊಂಡ ಸತ್ಯವನ್ನು ಗುಂಟೂರಿನ ಭಗಿನಿಯು ತನ್ನ ಹೆರಿಗೆಯ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಕಂಡಿದ್ದಳು. ಸಂಘಟನೆಯೂ ಶಿಕ್ಷಣವೂ ಇಲ್ಲದೆ ಕೇವಲ ಕರುಣೆಯಿಂದ ಈ ಕಂದಕವನ್ನು ತುಂಬಲಾಗದೆಂಬುದು ಆಕೆಗೆ ಸ್ಪಷ್ಟವಾಗಿತ್ತು.

ಆದುದರಿಂದಲೇ ಆಕೆ ಇನ್ನೊಂದು ಕನಸನ್ನು ಸಂಘದ ಮುಂದಿಟ್ಟಳು. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಸ್ಥಾಪಿತವಾಗಬೇಕು. ಅಲ್ಲಿ ಉತ್ತಮ ವೈದ್ಯಶಾಸ್ತ್ರದೊಂದಿಗೆ ಮನುಷ್ಯಜೀವದ ಪಾವಿತ್ರ್ಯದ ಅರಿವೂ ವಿದ್ಯಾರ್ಥಿಗಳಿಗೆ ದೊರೆಯಬೇಕು. ಆಸ್ಟ್ರೇಲಿಯದಿಂದಲೋ ಯೂರೋಪಿನಿಂದಲೋ ವೈದ್ಯರು ಬರುವುದನ್ನು ಎಷ್ಟು ಕಾಲ ಕಾಯುವುದು? ಈ ನಾಡಿನ ಮಕ್ಕಳೇ, ಈ ನಾಡಿನ ಭಗಿನಿಯರೇ ವೈದ್ಯರಾಗಬೇಡವೇ? ಪರದೇಶದಿಂದ ಬಂದವಳೊಬ್ಬಳು ತನ್ನಂತಹವರ ಅಗತ್ಯವೇ ಇಲ್ಲದ ದಿನಕ್ಕಾಗಿ ದುಡಿದಳೆಂಬುದರಲ್ಲಿ ಆಕೆಯ ದೊಡ್ಡತನವಿದೆ.

ಬೆಂಗಳೂರಿನಲ್ಲಿ ಅಂತ್ಯ

ಹಣವಿಲ್ಲದೆ, ಒಮ್ಮತ ಸುಲಭವಾಗಿ ಕೂಡದೆ, ಕಾಲೇಜಿನ ಕನಸು ವರ್ಷದಿಂದ ವರ್ಷಕ್ಕೆ ದೂರ ಸರಿಯಿತು. ಈ ನಡುವೆ ಸಿಸ್ಟರ್ ಮೇರಿಯ ದೇಹವನ್ನು ಕ್ಯಾನ್ಸರ್ ವ್ಯಾಧಿ ಹೊಕ್ಕಿತು. ಅನೇಕರ ನೋವನ್ನು ಶಮನಗೊಳಿಸಿದವಳು ಈಗ ತಾನೇ ನೋವಿನ ಹಾಸಿಗೆಯನ್ನು ಹಿಡಿದಳು. ತನ್ನ ವ್ಯಾಧಿ ಎತ್ತ ಸಾಗುವುದೆಂಬುದು ವೈದ್ಯಳಾದ ಆಕೆಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ತನ್ನ ಯಾತನೆಯನ್ನು ಆಕೆ ಪ್ರಭುವಿನ ಶಿಲುಬೆಯ ಬುಡದಲ್ಲಿ ಅರ್ಪಿಸಿದಳು. 1957ರ ಮೇ 5ರಂದು ಬೆಂಗಳೂರು ನಗರದಲ್ಲಿ, ಎಪ್ಪತ್ತು ತುಂಬಲು ಎರಡು ತಿಂಗಳೂ ಇಲ್ಲದಿರುವಾಗ, ಆಕೆ ಪ್ರಭುವಿನಲ್ಲಿ ನಿದ್ರಿಸಿದಳು. ಭಾರತದಲ್ಲಿ ಆಕೆ ಕಳೆದ ವರ್ಷಗಳು ಮೂವತ್ತೇಳು.

ದೇವರ ಯೋಜನೆಯ ಸೊಬಗನ್ನು ನೋಡಿರಿ. ಯಾವ ನಗರದಲ್ಲಿ ಆಕೆ ಕನಸು ಕೈಗೂಡದೆಯೇ ಕಣ್ಣುಮುಚ್ಚಿದಳೋ ಅದೇ ಬೆಂಗಳೂರಿನಲ್ಲಿ, ಆರು ವರ್ಷಗಳ ನಂತರ, 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಸಂತ ಜಾನರ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಜಗದ್ಗುರು 23ನೆಯ ಜಾನರ ಸ್ಮರಣಾರ್ಥ ಅದಕ್ಕೆ ಆ ಹೆಸರು ಬಂದಿತು. 1975ರಲ್ಲಿ ಅದರ ಆಸ್ಪತ್ರೆಯೂ ತೆರೆಯಿತು. ಅಲ್ಲಿ ಓದಿದ ಧರ್ಮಭಗಿನಿಯರೂ ಯುವಕ ಯುವತಿಯರೂ ದೇಶದ ಮೂಲೆಮೂಲೆಗಳ ಗ್ರಾಮೀಣ ಆಸ್ಪತ್ರೆಗಳಿಗೆ ವೈದ್ಯರಾಗಿ ತೆರಳಿದ್ದಾರೆ. ನಮ್ಮ ಕುಟುಂಬಗಳ ಎಷ್ಟೋ ರೋಗಿಗಳು ಆ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದ್ದಾರೆ. ಆ ಮೆಟ್ಟಿಲಿನ ಹಿಂದೆ ಮೇರಿ ಗ್ಲೌರಿಯ ಕನಸಿದೆಯೆಂಬುದು ಅವರಲ್ಲಿ ಕೆಲವರಿಗಷ್ಟೇ ತಿಳಿದಿರಬಹುದು.

ಹದಿನಾರು ಭಗಿನಿಯರೊಂದಿಗೆ ಹುಟ್ಟಿದ ಸಂಘವು ಮುಂದೆ ಭಾರತದ ಕಥೋಲಿಕ ಆರೋಗ್ಯ ಸಂಘವೆಂಬ ಹೆಸರನ್ನು ತಳೆಯಿತು. ಸಿಕಂದರಾಬಾದಿನಲ್ಲಿ ಕಾರ್ಯಾಲಯವನ್ನು ಹೊಂದಿರುವ ಈ ಸಂಘದ ಸದಸ್ಯ ಸಂಸ್ಥೆಗಳು ಇಂದು 3,500ಕ್ಕೂ ಮಿಕ್ಕಿವೆ. ಅವುಗಳಲ್ಲಿ ದೊಡ್ಡ ಆಸ್ಪತ್ರೆಗಳಿಗಿಂತ ಹಳ್ಳಿಯ ಸಣ್ಣ ಔಷಧಾಲಯಗಳೇ ಹೆಚ್ಚು. 2013ರಲ್ಲಿ ಗುಂಟೂರಿನಲ್ಲಿ ಆಕೆಯನ್ನು ದೇವರ ಸೇವಕಿ ಎಂದು ಘೋಷಿಸಲಾಯಿತು. ಇದು ಸಂತ ಪದವಿಯ ದಾರಿಯಲ್ಲಿ ಮೊದಲನೆಯ ಮೆಟ್ಟಿಲು.

ನಮ್ಮ ಪಾಲಿನ ಪ್ರಶ್ನೆ

ಹಿರಿಯರ ಚರಿತ್ರೆಯನ್ನು ಓದಿ ಕೈಮುಗಿದು ಪುಟ ತಿರುವಿದರೆ ಸಾಲದು. ಈ ಜೀವನವು ನಮ್ಮ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತದೆಂದು ನಮಗೆ ತೋರುತ್ತದೆ.

ಮೊದಲನೆಯದು, ಒಳ್ಳೆಯ ಮನಸ್ಸಿದ್ದರೆ ಸಾಕು ಎಂಬ ನಮ್ಮ ಭಾವನೆಯ ಕುರಿತು. ಧರ್ಮಕಾರ್ಯವೆಂದ ಮೇಲೆ ಹೇಗೆ ನಡೆದರೂ ನಡೆದೀತು, ಲೆಕ್ಕಪತ್ರ ಸಡಿಲವಾದರೂ ಆದೀತು, ತರಬೇತಿಯಿಲ್ಲದವರು ಮಾಡಿದರೂ ಆದೀತು ಎಂದು ನಾವು ಎಣಿಸುವುದುಂಟು. ಸದುದ್ದೇಶದಿಂದ ಕೊಟ್ಟ ತಪ್ಪು ಔಷಧವು ದುರುದ್ದೇಶದಿಂದ ಕೊಟ್ಟುದರಷ್ಟೇ ಅಪಾಯಕಾರಿ. ಭಾರತಕ್ಕೆ ಹೋಗಲು ಹಾತೊರೆಯುತ್ತಿದ್ದ ಮೇರಿ ಆ ಕಾಯುವಿಕೆಯ ವರ್ಷಗಳಲ್ಲೂ ಓದಿದಳು, ಏಕೆಂದರೆ ಬಡವನ ದೇಹವೂ ಪವಿತ್ರಾತ್ಮರ ಆಲಯವೇ. ಆ ಆಲಯದೊಳಗೆ ಅಜ್ಞಾನದ ಕೈಯನ್ನು ಇಡಲು ಯಾರಿಗೂ ಅಧಿಕಾರವಿಲ್ಲ.

ಎರಡನೆಯದು ಇದಕ್ಕಿಂತಲೂ ಕಠಿನವಾದುದು. ಇಂದು ವೈದ್ಯಶಾಸ್ತ್ರ ಬಹಳ ಬೆಳೆದಿದೆ, ಶಿಶುಮರಣ ಬಹಳ ತಗ್ಗಿದೆ. ಅದರೊಂದಿಗೆ ಚಿಕಿತ್ಸೆಯ ವೆಚ್ಚವೂ ಏರಿದೆ. ಯಂತ್ರಗಳಿಗೆ ಹಣ ಬೇಕು, ತಜ್ಞರಿಗೆ ಸಂಬಳ ಬೇಕು. ಭಗಿನಿಯರಾಗಲು ಮುಂದೆ ಬರುವ ಹೆಣ್ಣುಮಕ್ಕಳು ಕಡಿಮೆಯಾಗುತ್ತಿದ್ದಾರೆ. ಉತ್ತಮ ವಿದ್ಯೆಯನ್ನೂ ಕೊಡಬೇಕು, ಬಡವನಿಗೆ ಬಾಗಿಲನ್ನೂ ತೆರೆದಿಡಬೇಕು ಎಂಬ ಮೇರಿಯ ವ್ರತವನ್ನು ಇಂದು ಪಾಲಿಸುವುದು ನಮ್ಮ ಸಂಸ್ಥೆಗಳಿಗೆ ಸುಲಭವಲ್ಲ. ಆದರೆ ಈ ಭಾರವನ್ನು ಭಗಿನಿಯರ ಹೆಗಲಿಗೇ ಬಿಟ್ಟು ನಾವು ಪಕ್ಕಕ್ಕೆ ನಿಲ್ಲಬಹುದೇ? ನಮ್ಮ ಮನೆಗಳಲ್ಲಿ ವೈದ್ಯರಾದ, ದಾದಿಯರಾದ ಮಕ್ಕಳಿದ್ದಾರೆ. ವರ್ಷದ ಕೆಲವು ದಿನಗಳನ್ನಾದರೂ ಅವರು ಹಳ್ಳಿಯ ಔಷಧಾಲಯಕ್ಕೆ ಮೀಸಲಿಡಲಾರರೇ? ಹಬ್ಬದ ಆಡಂಬರಕ್ಕೆ ವೆಚ್ಚವಾಗುವ ಹಣದ ಒಂದು ಪಾಲು ಬಡ ರೋಗಿಯೊಬ್ಬನ ಹಾಸಿಗೆಗೆ ಸಲ್ಲಲಾರದೇ? ಶತಮಾನೋತ್ಸವದ ಸಂಭ್ರಮದಲ್ಲಿ ಈ ಮಾತನ್ನು ಹೇಳುವುದು ಕೆಲವರಿಗೆ ಅಪ್ರಿಯವೆನಿಸಬಹುದು. ಆದರೂ ಹೇಳದಿರುವುದು ಉಚಿತವಲ್ಲ.

ವಾಚೆಮ್ ಊರಿನ ತಾಯಿಯೊಬ್ಬಳು ಒಳ್ಳೆಯ ಗುರುಗಳಿಗಾಗಿಯೂ ಒಳ್ಳೆಯ ವೈದ್ಯರಿಗಾಗಿಯೂ ದಿನವೂ ಪ್ರಾರ್ಥಿಸುತ್ತಿದ್ದಳಷ್ಟೆ. ಆ ಪ್ರಾರ್ಥನೆಯ ಫಲವು ಸಮುದ್ರ ದಾಟಿ ನಮ್ಮ ನಾಡಿಗೆ ಬಂದಿತು. ನಮ್ಮ ಧರ್ಮಕೇಂದ್ರದ ಮನೆಮನೆಗಳಲ್ಲಿ ಸಂಜೆಯ ಜಪಸರದ ಕೊನೆಗೆ ಆ ಒಂದು ಪ್ರಾರ್ಥನೆಯು ಸೇರಲಿ. ಪ್ರಾರ್ಥಿಸುವ ಮಕ್ಕಳಲ್ಲೇ ಯಾರಾದರೂ ಅದರ ಉತ್ತರವಾಗಿ ಎದ್ದು ನಿಲ್ಲಲಿ. ಪರಮವೈದ್ಯನಾದ ಪ್ರಭು ಯೇಸುಕ್ರಿಸ್ತರು ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವನ್ನು ಇಂತಹ ಮಕ್ಕಳಿಂದ ಹರಸಲೆಂದು ಬೇಡಿಕೊಳ್ಳುತ್ತೇವೆ.